ರವೀಂದ್ರನಗರದಲ್ಲಿ ನಾಲ್ಕು ದಿನ

ಬೀರೂರಿನಲ್ಲಿ ಕವಲೊಡೆದ ರೈಲುದಾರಿಯು ತರೀಕೆರೆಯನ್ನು ಹಿಂದಿಕ್ಕಿ ಭದ್ರಾವತಿಯನ್ನು ಸಮೀಪಿಸುವಾಗ ಪ್ರಯಾಣಿಕರ ಕಣ್ಣು ತಾನಾಗಿಯೇ ಕಿಟಕಿಯ ಕಡೆಗೆ ತಿರುಗುತ್ತದೆ. 1923ರಲ್ಲಿ ಅಲ್ಲಿ ಮೊದಲಬಾರಿಗೆ ಕಬ್ಬಿಣ ಕರಗಿ ಹರಿದಂದಿನಿಂದ ಆ ಊರಿನ ಬಾಳೆಲ್ಲವೂ ಕಾರ್ಖಾನೆಯ ಕೂಗಿಗೆ ಹೊಂದಿಕೊಂಡು ನಡೆದಿತ್ತು. ಕೂಗಿದಾಗ ಏಳುವುದು, ಕೂಗಿದಾಗ ಉಣ್ಣುವುದು, ತಿಂಗಳ ಗೊತ್ತಾದ ದಿನ ಸಂಬಳ ಎಣಿಸಿಕೊಳ್ಳುವುದು. ಈಗ ಹಿಂದಿನ ಆ ಗದ್ದಲವಿಲ್ಲ. ಆದರೂ ನಮ್ಮೆದುರಿಗೆ ಕುಳಿತಿದ್ದ ವೃದ್ಧರೊಬ್ಬರು, ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು, ಗಾಡಿ ಭದ್ರೆಯನ್ನು ದಾಟುವಾಗ ಹೇಳಿದ ಮಾತೊಂದು ನಮ್ಮ ಮನಸ್ಸಿನಲ್ಲಿ ನಿಂತಿತು. “ಬೆಂಕಿಯ ಮುಂದೆ ದುಡಿದೆವು, ನಿಜ. ಆದರೆ ನಮ್ಮ ಸಂಬಳ ಎಷ್ಟು ಎಂಬುದು ನಮಗೆ ಗೊತ್ತಿತ್ತು, ಸ್ವಾಮಿ.” ಅಂದು ನಮಗೆ ಅದರ ಅರ್ಥ ಪೂರ್ತಿಯಾಗಿ ಆಗಲಿಲ್ಲ. ನಾಲ್ಕು ದಿನಗಳ ತರುವಾಯ ಆಯಿತು.

ನಾವು ಹೋದದ್ದು 2025ರ ಡಿಸೆಂಬರಿನ ಮೊದಲ ವಾರದಲ್ಲಿ. ಶಿವಮೊಗ್ಗೆಯ ರವೀಂದ್ರನಗರದಲ್ಲಿ ನಮ್ಮ ಅಕ್ಕನ ಮನೆ. ಬಹುದಿನಗಳಿಂದ ಕರೆಯುತ್ತಿದ್ದರು, ಹೋಗಿರಲಿಲ್ಲ. ತುಂಗೆಯ ಸೇತುವೆಯ ಮೇಲೆ ಗಾಡಿ ಸದ್ದುಮಾಡಿದಾಗ, ‘ಗಂಗಾಸ್ನಾನ, ತುಂಗಾಪಾನ’ ಎಂಬ ಹಿರಿಯರ ಮಾತು ನೆನಪಾಯಿತು. ಮಳೆ ಹಿಂದೆ ಸರಿದು ಹೊಳೆ ತಿಳಿಯಾಗಿತ್ತು. ನಿಲ್ದಾಣದಲ್ಲಿ ಭಾವನವರು ಕಾದಿದ್ದರು.

ಶಿವಮೊಗ್ಗೆಯ ಗಾಂಧಿ ಬಜಾರು, ನೆಹರೂ ರಸ್ತೆ, ದುರ್ಗಿಗುಡಿಗಳ ನೂಕುನುಗ್ಗಲನ್ನು ಕಂಡವರಿಗೆ ರವೀಂದ್ರನಗರವು ಇನ್ನೊಂದು ಊರೆಂಬಂತೆ ತೋರುತ್ತದೆ. ಹೆಸರು ಕೇಳಿದೊಡನೆಯೇ ಕವಿಯೊಬ್ಬರು ನೆನಪಾಗುವ ಬಡಾವಣೆ. ಅಂಗಳದಲ್ಲಿ ರಂಗೋಲಿ, ಗೋಡೆಯ ಮೇಲಿನಿಂದ ಬೀದಿಗೆ ಬಾಗಿದ ದಾಸವಾಳ, ಮಲೆನಾಡಿನ ಕಡೆಯಿಂದ ಬರುವ ತಣ್ಣನೆಯ ಗಾಳಿ. ಬೆಳಗ್ಗೆ ಗಣಪತಿಯ ಗುಡಿಯ ಗಂಟೆ. ಹಿರಿಯರು ಗುಡಿಗೆ ಪ್ರದಕ್ಷಿಣೆ ಬಂದು, ಅಲ್ಲಿಂದ ಕಾಫಿಗೆ ಹೋಗಿ, ಪತ್ರಿಕೆ ಓದಿ ಮನೆಗೆ ಮರಳುವುದು ಅಲ್ಲಿಯ ದಿನಚರಿ. ಮನೆಯಲ್ಲಿ ಅಕ್ಕನ ಕೈಯ ಕಾಫಿ ಸೊಗಸಾಗಿದ್ದರೂ, “ಹೊರಗಿನದೊಂದು ಗುಟುಕು ಕುಡಿಯದಿದ್ದರೆ ಬೆಳಗಾದಂತೆಯೇ ಅಲ್ಲ” ಎಂಬುದು ಭಾವನವರ ಸಿದ್ಧಾಂತ. ಅದರ ಫಲವಾಗಿ ಮರುದಿನ ಏಳು ಗಂಟೆಗೆ ನಾವು ಅವರ ಹಿಂದೆ ಅಲ್ಲಿಯ ಒಂದು ಉಪಾಹಾರ ಗೃಹವನ್ನು ಹೊಕ್ಕೆವು.

ಹೆಸರು ಹೇಳುವ ಅವಶ್ಯಕತೆಯಿಲ್ಲ. ಅಂಥವು ನಾಡಿನ ಎಲ್ಲ ಊರುಗಳಲ್ಲಿಯೂ ಇವೆ. ಬಾಗಿಲಲ್ಲಿ ಗಲ್ಲಾ, ಗಲ್ಲಾದ ಮೇಲೆ ದೇವರ ಪಟ, ಒಳಗೆ ಹತ್ತು ಮೇಜು, ಹಿಂದುಗಡೆ ಹಬೆಯಾಡುವ ಅಡಿಗೆಮನೆ. ಒಬ್ಬ ಮಾಣಿ, ಐವತ್ತು ದಾಟಿದವನು, ಎಂಟು ಜನರ ಮಾತನ್ನು ಒಂದೇ ಉಸಿರಿಗೆ ಕೇಳಿಸಿಕೊಂಡು ಒಂದನ್ನೂ ಮರೆಯದೆ ತಂದಿಡುತ್ತಿದ್ದನು. ಯಾರ ಕಾಫಿಗೆ ಸಕ್ಕರೆ ಬೇಡ, ಯಾರಿಗೆ ಚಟ್ನಿ ಬೇರೆ ಬಟ್ಟಲಿನಲ್ಲಿ ಬೇಕು ಎಂಬುದೆಲ್ಲ ಅವನಿಗೆ ಬಾಯಿಪಾಠ. ಹಲ್ಲಿಲ್ಲದ ಮುದುಕರೊಬ್ಬರಿಗೆ ಕೇಳದೆಯೇ ಇಡ್ಲಿಯನ್ನು ಸಾಂಬಾರಿನಲ್ಲಿ ನೆನೆಸಿ ತಂದದ್ದನ್ನು ನೋಡಿ ನಮಗೆ ಬಹಳ ಮೆಚ್ಚಿಗೆಯಾಯಿತು.

ಬಿಲ್ಲು ಬಂದಾಗ ಈಗಿನ ಕ್ರಮದಂತೆ ನಾವು ಫೋನಿನಿಂದಲೇ ಹಣ ಕೊಟ್ಟೆವು. ಮಾಣಿಗೆಂದು ಇಪ್ಪತ್ತು ರೂಪಾಯಿ ಹೆಚ್ಚಾಗಿ ಸೇರಿಸಿ, ಅವನಿಗೆ ಅದನ್ನು ತಿಳಿಸಿದೆವು. ಅವನು ನಕ್ಕು ಕೈಮುಗಿದನು. ಆ ನಗೆಯಲ್ಲಿ ಏನೋ ಕೊರತೆಯಿದ್ದಂತೆ ಕಂಡಿತು. ಬೀದಿಗೆ ಬಂದಮೇಲೆ ಭಾವನವರು ಹೇಳಿದರು: “ನೀವು ಕೊಟ್ಟದ್ದು ಯಜಮಾನರ ಖಾತೆಗೆ ಹೋಯಿತು. ಕೈಯಲ್ಲಿ ಕೊಡಬೇಕಾಗಿತ್ತು.”

ಆ ದಿನ ಮಧ್ಯಾಹ್ನ ಗುಡಿಯ ಕಟ್ಟೆಯ ಮೇಲೆ ಅದೇ ಮಾಣಿ ಕುಳಿತಿದ್ದುದನ್ನು ಕಂಡು ನಾವೂ ಪಕ್ಕದಲ್ಲಿ ಕುಳಿತೆವು. ಮೊದಲು ಸಂಕೋಚಪಟ್ಟನು, ಅನಂತರ ಮಾತು ಬಂದಿತು. ಕುಂದಾಪುರದ ಕಡೆಯವನು. ಹನ್ನೆರಡನೆಯ ವಯಸ್ಸಿನಲ್ಲಿ ಆಗುಂಬೆಯ ಘಾಟಿಯನ್ನೇರಿ ಬಂದು, ತೀರ್ಥಹಳ್ಳಿಯಲ್ಲಿ ಲೋಟ ತೊಳೆದು, ಬಳಿಕ ಶಿವಮೊಗ್ಗೆಯನ್ನು ಸೇರಿದವನು. ಊರಿನಲ್ಲಿ ಹೆಂಡತಿ, ಇಬ್ಬರು ಮಕ್ಕಳು. ಮಗಳು ನರ್ಸು ಓದುತ್ತಿದ್ದಾಳೆ.

“ಸಂಬಳ ಹೇಗೆ?” ಎಂದು ಕೇಳಿದೆವು.

“ಸಂಬಳ ಕಡಮೆಯೇ, ಸ್ವಾಮಿ. ಸೇರುವಾಗಲೇ ಹೇಳಿದ್ದರು: ‘ನಿನಗೆ ಮೇಜಿನ ಮೇಲೆ ಸಿಗುತ್ತದಲ್ಲ, ಅದನ್ನೂ ಲೆಕ್ಕ ಹಿಡಿದುಕೊ’ ಅಂತ. ಆಗ ಸಿಗುತ್ತಲೂ ಇತ್ತು. ಈಗ ಎಲ್ಲರೂ ಫೋನಿನಲ್ಲಿ ಕೊಡುತ್ತಾರೆ, ಚಿಲ್ಲರೆಯೇ ಇಲ್ಲ. ಹೋದ ಮಳೆಗಾಲ ಕಾಲು ಉಳುಕಿ ಎರಡು ತಿಂಗಳು ಮಲಗಿದ್ದೆ. ಮಲಗಿದವನ ಮೇಜಿನ ಮೇಲೆ ಯಾರು ಇನಾಮು ಇಡುತ್ತಾರೆ?”

ಇಷ್ಟನ್ನು ಅವನು ದೂರಿನ ಧಾಟಿಯಲ್ಲಿ ಹೇಳಲಿಲ್ಲ. ಮಳೆ ಬಂತು, ಬಿಸಿಲು ಬಂತು ಎಂಬಂತೆ ಹೇಳಿದನು. ಮಗಳ ಕೊನೆಯ ಕಂತಿನ ಶುಲ್ಕವನ್ನು ಸಂಕ್ರಾಂತಿಯೊಳಗಾಗಿ ಕಟ್ಟಬೇಕೆಂಬ ಮಾತು ಬಂದಾಗ ಮಾತ್ರ ಅವನ ಧ್ವನಿ ತಗ್ಗಿತು. “ಕೇಳಿ ನೋಡಬಹುದಲ್ಲ?” ಎಂದೆವು. “ಕೇಳಬಹುದು. ದೂರದ ರಾಜ್ಯಗಳಿಂದ ಹುಡುಗರು ಬರುತ್ತಾರೆ, ಸ್ವಾಮಿ, ನಾನು ಹೋದರೆ ನಾಳೆಯೇ ಇನ್ನೊಬ್ಬ ಬರುತ್ತಾನೆ,” ಎಂದು ಎದ್ದನು. ಸಂಜೆಯ ತಿಂಡಿಯ ಹೊತ್ತಾಗಿತ್ತು.

ರಾತ್ರಿ ಊಟಕ್ಕೆ ಕುಳಿತಾಗ ಈ ಮಾತೇ ಬಂದಿತು. ಭಾವನವರು ನಿವೃತ್ತ ಲೆಕ್ಕಿಗರು. ಅವರು ಯಜಮಾನರ ಪಕ್ಷವನ್ನೂ ಬಲ್ಲವರು. ಕಟ್ಟಡದ ಬಾಡಿಗೆ, ಅನಿಲದ ಬೆಲೆ, ಕಾಫಿಪುಡಿಯ ಬೆಲೆ, ಎಲ್ಲವೂ ಏರಿವೆ. ಲೋಟಕ್ಕೆ ಒಂದು ರೂಪಾಯಿ ಹೆಚ್ಚಿಸಿದರೆ ಹತ್ತು ಗಿರಾಕಿಗಳು ಗೊಣಗುತ್ತಾರೆ. “ಯಜಮಾನರು ಕೆಟ್ಟವರಲ್ಲ. ಅವರೂ ಹಿಂದೆ ತಟ್ಟೆ ಎತ್ತಿದವರೇ,” ಎಂದರು. ಅದೂ ನಿಜವೆ. ಕರಾವಳಿಯಿಂದ ಬರಿಗೈಯಲ್ಲಿ ಹೊರಟು ಬಂದವರು ಹೋಟೆಲು ಕಟ್ಟಿದ ಕಥೆ ಕನ್ನಡಿಗರಿಗೆ ಹೊಸದಲ್ಲ. ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಸ್ಥಾಪಿಸಿದ ಕಡಂದಲೆ ಕೃಷ್ಣರಾಯರು ಅಡಿಗೆಮನೆಯ ಕೂಲಿಯಿಂದಲೇ ಮೇಲೆ ಬಂದವರು. ಮುಂಬಯಿಯಲ್ಲಿ ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಕನ್ನಡದ ಹುಡುಗರು ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದರು. ಆದರೆ ಮೇಲೆ ಬಂದವರ ಕಥೆಯನ್ನು ನಾವು ಹೇಳಿಕೊಳ್ಳುತ್ತೇವೆ. ನಲವತ್ತು ವರ್ಷ ತಟ್ಟೆ ಎತ್ತಿ, ತಟ್ಟೆ ಎತ್ತುತ್ತಲೇ ಮುದುಕರಾದವರ ಕಥೆಯನ್ನು ಯಾರು ಹೇಳುತ್ತಾರೆ?

ಆಗ ಇದುವರೆಗೂ ಸುಮ್ಮನೆ ಬಡಿಸುತ್ತಿದ್ದ ಅಕ್ಕ ಒಂದು ಮಾತನ್ನಾಡಿದಳು. “ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವವಳಿಗೆ ಗೌರಿಹಬ್ಬಕ್ಕೆ ನಮ್ಮ ಓರಗಿತ್ತಿ ಸೀರೆ ಕೊಟ್ಟಳು. ಹಾಗೆಂದು ಆ ಸೀರೆಯ ಬೆಲೆಯನ್ನು ನಾನು ಅವಳ ಸಂಬಳದಲ್ಲಿ ಮುರಿದುಕೊಳ್ಳಲೇ?”

ಭಾವನವರು ಉತ್ತರ ಕೊಡಲಿಲ್ಲ. ಕೊಡಲು ಉತ್ತರವಿರಲಿಲ್ಲ. ಇಡೀ ಪ್ರಶ್ನೆಯ ತಿರುಳು ಆ ಸೀರೆಯ ಮಾತಿನಲ್ಲಿಯೇ ಇದೆಯೆಂದು ನಮಗನ್ನಿಸಿತು. ಮರುದಿನವೆಲ್ಲ ನಾವಿಬ್ಬರೂ ಕುಳಿತು ಕಾಯಿದೆಯ ವಿಚಾರವನ್ನು ಶೋಧಿಸಿದೆವು. ಗೃಹಸ್ಥರಿಗೂ ತಿಳಿದಿರತಕ್ಕ ವಿಷಯವಾದುದರಿಂದ ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ.

ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ನಮ್ಮ ದೇಶದಲ್ಲಿ ಕನಿಷ್ಠ ವೇತನದ ಕಾಯಿದೆಯಾಯಿತು. ಸಂಘಟನೆಯ ಬಲವಿಲ್ಲದ ಕಸುಬುಗಳ ಪಟ್ಟಿಯೊಂದನ್ನು ಮಾಡಿ, ಅವುಗಳಲ್ಲಿ ದುಡಿಯುವವರಿಗೆ ಇದಕ್ಕಿಂತ ಕಡಮೆ ಕೊಡಕೂಡದೆಂದು ಸರ್ಕಾರ ಗೊತ್ತುಮಾಡುವುದು ಅದರ ಉದ್ದೇಶ. ಕರ್ನಾಟಕದ ಪಟ್ಟಿಯಲ್ಲಿ ಹೋಟೆಲು ಕಸುಬೂ ಸೇರಿತು. ಊರಿನ ವಲಯಕ್ಕೂ ಕೆಲಸದ ನೈಪುಣ್ಯಕ್ಕೂ ತಕ್ಕಂತೆ ದರ; ಅದರ ಮೇಲೆ ಬೆಲೆಗಳ ಏರಿಕೆಗೆ ತಕ್ಕಂತೆ ಪ್ರತಿ ಏಪ್ರಿಲಿನಲ್ಲಿ ಬದಲಾಗುವ ತುಟ್ಟಿಭತ್ಯೆ. ಈ ದರಪಟ್ಟಿ ಗುಟ್ಟಿನ ಕಾಗದವಲ್ಲ; ಕಾರ್ಮಿಕ ಇಲಾಖೆ ಅದನ್ನು ಪ್ರಕಟಿಸುತ್ತದೆ.

ಕನಿಷ್ಠವೆಂದರೆ ಎಷ್ಟು? 1957ರಲ್ಲಿ ಸೇರಿದ್ದ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಇದಕ್ಕೆ ಕೊಟ್ಟ ಅಳತೆಯನ್ನು ನಮ್ಮ ಗೃಹಿಣಿಯರು ಕೇಳಬೇಕು, ಏಕೆಂದರೆ ಅದು ಅಡಿಗೆಮನೆಯ ಲೆಕ್ಕವೇ ಆಗಿದೆ. ದುಡಿಯುವವನೊಬ್ಬನ ಸಂಸಾರವನ್ನು ಮೂರು ಪಾಲೆಂದು ಹಿಡಿಯತಕ್ಕದ್ದು. ಪ್ರತಿ ಪಾಲಿಗೆ ದಿನಕ್ಕೆ 2,700 ಕ್ಯಾಲೊರಿಗಳ ಆಹಾರ, ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆಯ ಬಾಡಿಗೆ, ಸೌದೆ, ದೀಪ ಮೊದಲಾದುವುಗಳಿಗೆ ಒಟ್ಟಿನ ನೂರಕ್ಕೆ 20. ಮಕ್ಕಳ ವಿದ್ಯೆ, ವೈದ್ಯ, ಹಬ್ಬಹುಣ್ಣಿಮೆ, ಮುಪ್ಪು, ಮದುವೆ ಇವುಗಳಿಗಾಗಿ ಮತ್ತೆ ನೂರಕ್ಕೆ 25 ಭಾಗವಿರಬೇಕೆಂದು 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಇದು ಉದಾರತೆಯ ಲೆಕ್ಕವಲ್ಲ. ಇದಕ್ಕಿಂತ ಕೆಳಗೆ ಸಂಸಾರ ನಿಲ್ಲದು ಎಂಬ ಲೆಕ್ಕ. ದೆಹಲಿಯ ಏಷ್ಯಾಡ್ ಕ್ರೀಡೆಗಳ ಕಟ್ಟಡದ ಕೂಲಿಗಳ ಮೊಕದ್ದಮೆಯಲ್ಲಿ, 1982ರಲ್ಲಿ, ಅದೇ ನ್ಯಾಯಾಲಯವು ಇನ್ನೂ ಗಟ್ಟಿಯಾದ ಮಾತನ್ನು ಹೇಳಿದೆ: ಕನಿಷ್ಠ ವೇತನಕ್ಕಿಂತ ಕಡಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಸರಿ.

ಇನ್ನು ಇನಾಮಿನ ವಿಚಾರ. ಇದರಲ್ಲಿ ದೇಶದೇಶಗಳ ರೀತಿ ಬೇರೆಬೇರೆ. ಅಮೆರಿಕದಲ್ಲಿ ಒಕ್ಕೂಟ ಸರ್ಕಾರವು ಗೊತ್ತುಮಾಡಿದ ಕನಿಷ್ಠ ವೇತನ 2009ರಿಂದ ಗಂಟೆಗೆ 7.25 ಡಾಲರು. ಆದರೆ ಇನಾಮು ಪಡೆಯುವ ಕೆಲಸಗಾರನಿಗೆ ಯಜಮಾನನು 2.13 ಡಾಲರು ಕೊಟ್ಟರೂ ಸಾಕು, ಉಳಿದ 5.12 ಡಾಲರು ಗಿರಾಕಿಯ ಇನಾಮಿನಿಂದ ಬಂದಿತೆಂದು ಜಮಾ ಹಿಡಿಯಲು ಕಾಯಿದೆಯೇ ಅವಕಾಶ ಕೊಡುತ್ತದೆ. ಬಾರದಿದ್ದರೆ ಯಜಮಾನನು ತುಂಬಿಕೊಡಬೇಕು. ಆ 2.13 ಎಂಬ ಅಂಕಿ 1991ರಿಂದ ಅಲುಗಿಲ್ಲ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ ಮೊದಲಾದ ಏಳು ಸಂಸ್ಥಾನಗಳು ಮಾತ್ರ ಈ ಪದ್ಧತಿಯನ್ನು ಒಪ್ಪದೆ, ಪೂರ್ಣ ವೇತನವನ್ನು ಕೊಡಲೇಬೇಕು, ಇನಾಮು ಅದರ ಮೇಲೆ, ಎಂದು ವಿಧಿಸಿವೆ. ಇಂಗ್ಲೆಂಡಿನಲ್ಲಿ 2009ರ ಅಕ್ಟೋಬರಿನಿಂದ ಇನಾಮನ್ನು ಕನಿಷ್ಠ ವೇತನದೊಳಗೆ ಸೇರಿಸುವಂತಿಲ್ಲ. 2024ರ ಅಕ್ಟೋಬರಿನಿಂದ ಗಿರಾಕಿಗಳು ಕೊಟ್ಟ ಇನಾಮನ್ನೆಲ್ಲ ಯಜಮಾನನು ಮುರಿದುಕೊಳ್ಳದೆ ಕೆಲಸಗಾರರಿಗೆ ಹಂಚಬೇಕು.

ನಮ್ಮ ದೇಶದ ಕಾಯಿದೆಯಲ್ಲಿ ಅಮೆರಿಕದಂತೆ ಇನಾಮನ್ನು ಜಮಾ ಹಿಡಿಯುವ ನಿಯಮವೇ ಇಲ್ಲ. ವೇತನವೆಂದರೆ ಉದ್ಯೋಗದ ಕರಾರಿನಂತೆ ಯಜಮಾನನಿಂದ ಸಲ್ಲತಕ್ಕ ಪ್ರತಿಫಲ. ಗಿರಾಕಿಯು ತನ್ನ ಸಂತೋಷಕ್ಕೆ ಕೊಟ್ಟದ್ದು ಅದರೊಳಗೆ ಹೇಗೆ ಬಂದೀತು? 2016ರ ಏಪ್ರಿಲಿನಲ್ಲಿ ದೊಡ್ಡ ಹೋಟೆಲು ಕಂಪೆನಿಯೊಂದರ ಆದಾಯ ತೆರಿಗೆಯ ಮೊಕದ್ದಮೆಯನ್ನು ತೀರ್ಮಾನಿಸುವಾಗ ಸರ್ವೋಚ್ಚ ನ್ಯಾಯಾಲಯವು ಇದೇ ಧಾಟಿಯಲ್ಲಿ ನುಡಿಯಿತು: ಕಾರ್ಡಿನ ಮೂಲಕ ಬಂದ ಇನಾಮು ಹೋಟೆಲಿನ ಕೈ ಹಾದು ಕೆಲಸಗಾರನನ್ನು ಸೇರಿದರೂ ಅದು ಯಜಮಾನನು ಕೊಟ್ಟ ಸಂಬಳವಲ್ಲ, ಗಿರಾಕಿ ಕೊಟ್ಟದ್ದು. ಮಾತು ತೆರಿಗೆಯ ಸಂದರ್ಭದ್ದು, ನಿಜ; ಆದರೆ ಅದರ ವಿವೇಕ ನಮ್ಮ ಅಕ್ಕನ ಸೀರೆಯ ವಿವೇಕವೇ.

ನಾವು ಶಿವಮೊಗ್ಗೆಗೆ ಹೋಗುವ ಎರಡು ವಾರ ಮುಂಚೆ, ನವೆಂಬರ್ 21ರಿಂದ, ಹಳೆಯ ಕಾಯಿದೆಯ ಸ್ಥಾನದಲ್ಲಿ 2019ರ ವೇತನ ಸಂಹಿತೆ ಜಾರಿಗೆ ಬಂದಿತ್ತು. ಇದರಲ್ಲಿ ಕಸುಬುಗಳ ಪಟ್ಟಿಯ ಕಟ್ಟಿಲ್ಲ. ಎಲ್ಲ ಉದ್ಯೋಗಗಳಿಗೂ ಕನಿಷ್ಠ ವೇತನ ಅನ್ವಯಿಸುತ್ತದೆ. ಹೋಟೆಲಿನಲ್ಲಿ ಕೊಡುವ ಊಟತಿಂಡಿಯಂಥ ವಸ್ತುರೂಪದ ಪ್ರತಿಫಲವನ್ನು ವೇತನದ ಭಾಗವೆಂದು ಹಿಡಿದರೂ ಒಟ್ಟಿನ ನೂರಕ್ಕೆ 15ನ್ನು ಮೀರುವಂತಿಲ್ಲ. ಮಲಗಲು ಕೊಟ್ಟ ಜಾಗದ ಬೆಲೆಯನ್ನು ವೇತನವೆನ್ನುವಂತಿಲ್ಲ. ಸಂಬಳದ ಚೀಟಿ ಕೊಡಬೇಕು. ಹೆಚ್ಚು ಹೊತ್ತಿನ ಕೆಲಸಕ್ಕೆ ಎರಡರಷ್ಟು ದರ. ಕಡಮೆ ಸಿಕ್ಕಿದವನು ಮೂರು ವರ್ಷದೊಳಗೆ ಕೇಳಬಹುದು. ಹಿಂದೆ ಆರೇ ತಿಂಗಳ ಗಡುವಿತ್ತು. ಮುಖ್ಯವಾಗಿ, ಕೊಟ್ಟಿದ್ದೇನೆಂದು ತೋರಿಸುವ ಹೊಣೆ ಯಜಮಾನನದು. ಬರಹ ಬಾರದ ಮಾಣಿಯು ಲೆಕ್ಕದ ಪುಸ್ತಕ ತರಬೇಕಾಗಿಲ್ಲ.

ಇಷ್ಟನ್ನು ತಿಳಿದ ಮೇಲೆ ಭದ್ರಾವತಿಯ ವೃದ್ಧರ ಮಾತು ನಮಗೆ ಅರ್ಥವಾಯಿತು. ಅವರ ಭವಿಷ್ಯನಿಧಿ, ನಿವೃತ್ತಿಯ ಉಪದಾನ ಎಲ್ಲವೂ ಬರೆದಿಟ್ಟ ಸಂಬಳದ ಮೇಲೆ ಬೆಳೆದುವು. ಮಾಣಿಯ ಇನಾಮು ಯಾವ ಪುಸ್ತಕದಲ್ಲಿಯೂ ಇಲ್ಲ. ಅದರ ಮೇಲೆ ನಿಧಿ ಬೆಳೆಯದು, ಉಪದಾನ ಬಾರದು, ಕಾಯಿಲೆಯ ದಿನ ಅದು ಮುಖ ತೋರಿಸದು. ಸಂಬಳವನ್ನು ಇನಾಮಿಗೆ ಬಿಟ್ಟುಕೊಟ್ಟವನು ಇಂದಿನ ನಾಲ್ಕು ಕಾಸಿಗಾಗಿ ಮುಪ್ಪನ್ನೇ ಮಾರಿಕೊಂಡಂತೆ.

ಮೂರನೆಯ ದಿನ ಭಾವನವರು ಕಾರ್ಮಿಕ ಇಲಾಖೆಯ ಹೋಟೆಲು ದರಪಟ್ಟಿಯ ಪ್ರತಿಯೊಂದನ್ನು ಸಂಪಾದಿಸಿ ತಂದರು. ಮಾಣಿಗೆ ಕೊಡೋಣವೆಂದು ನಾವು ಹೇಳಿದೆವು. ಅವರು ತಲೆಯಾಡಿಸಿ, “ಅವನ ಕೈಗೆ ಕೊಟ್ಟರೆ ಅವನು ಜಗಳಕ್ಕೆ ನಿಂತಂತೆ ಆಗುತ್ತದೆ. ಮಗಳ ಓದು ಮುಗಿಯುವವರೆಗೆ ಅವನಿಗೆ ಈ ಕೆಲಸ ಬೇಕು. ಇಪ್ಪತ್ತು ವರ್ಷದ ಗಿರಾಕಿ ನಾನು, ನಾನೇ ಕೇಳುತ್ತೇನೆ,” ಎಂದರು. ಅದರಲ್ಲಿನ ಸೂಕ್ಷ್ಮವನ್ನು ನಾವು ಕಂಡಿರಲಿಲ್ಲ.

ನಾಲ್ಕನೆಯ ದಿನ ಹತ್ತು ಗಂಟೆಗೆ, ಗಿರಾಕಿಗಳು ಚದರಿದ ಹೊತ್ತಿನಲ್ಲಿ, ಗಲ್ಲಾದ ಬಳಿ ಆ ಮಾತು ನಡೆಯಿತು. ಯಜಮಾನರು ಮೊದಲು ನಕ್ಕರು. “ಅವನಿಗೇನು ಕಡಮೆ, ರಾಯರೇ? ಊಟ ನಮ್ಮದು, ಮಲಗುವುದು ಮೇಲೆ. ದಿನಾ ಇನಾಮು.” ಭಾವನವರು ಪಟ್ಟಿಯನ್ನು ಬಿಡಿಸಿ, ಕನ್ನಡಕ ಹಾಕಿಕೊಂಡು, ಒಂದೊಂದೇ ಸಾಲನ್ನು ಓದಿದರು. ಯಜಮಾನರ ನಗೆ ಇಳಿಯಿತು, ಸಿಟ್ಟು ಬಂದಿತು, ಸಿಟ್ಟೂ ಇಳಿಯಿತು. “ಇದನ್ನೆಲ್ಲ ಕೊಟ್ಟರೆ ಕಾಫಿಗೆ ಎರಡು ರೂಪಾಯಿ ಏರಿಸಬೇಕಾಗುತ್ತದೆ. ಆಗ ನೀವೇ ಎದುರುಗಡೆಯ ಅಂಗಡಿಗೆ ಹೋಗುತ್ತೀರಿ,” ಎಂದರು.

ನಾವು ಅಲ್ಲಿ ತಲೆತಗ್ಗಿಸಬೇಕಾಯಿತು. ಏಕೆಂದರೆ ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಎರಡು ರೂಪಾಯಿಯ ಅಗ್ಗಕ್ಕಾಗಿ ಬೀದಿ ದಾಟುವವರು ನಾವೇ. ಅದೇ ಎರಡು ರೂಪಾಯಿಯನ್ನು ಮೇಜಿನ ಮೇಲಿಟ್ಟು ಧರ್ಮಮಾಡಿದೆವೆಂದು ಬೀಗುವವರೂ ನಾವೇ. ಬೆಲೆಯಲ್ಲಿ ಕೊಟ್ಟರೆ ಅದು ಅವನ ಹಕ್ಕಾಗುತ್ತದೆ. ಮೇಜಿನ ಮೇಲಿಟ್ಟರೆ ನಮ್ಮ ದಯೆಯಾಗುತ್ತದೆ. ದಯೆ ನಮಗೆ ಹಿತ. ಆದುದರಿಂದಲೇ ಈ ಪದ್ಧತಿ ಉಳಿದುಕೊಂಡಿದೆಯೋ ಏನೋ.

ಭಾವನವರು ಮಾತ್ರ ಶಾಂತವಾಗಿ, “ನಾನು ಹೋಗುವುದಿಲ್ಲ. ಬೆಳಗಿನ ಗುಂಪಿನ ಉಳಿದವರಿಗೂ ಹೇಳುತ್ತೇನೆ,” ಎಂದರು. “ನೋಡೋಣ” ಎಂದಷ್ಟೇ ಯಜಮಾನರು ಹೇಳಿ ಪಟ್ಟಿಯನ್ನು ಮಡಿಸಿ ಗಲ್ಲಾದೊಳಗಿಟ್ಟರು. ಹಿಂದಕ್ಕೆ ಕೊಡಲಿಲ್ಲವೆಂಬುದೇ ನಮಗೆ ಒಂದು ಸಮಾಧಾನ. ಮಾಣಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದನು. ಕೇಳಿಸಿಕೊಂಡನೋ ಇಲ್ಲವೋ ತಿಳಿಯದು. ನಮ್ಮ ಲೋಟಗಳನ್ನು ಎತ್ತಿಕೊಂಡು ಹೋದನು.

ಅಂದು ಸಂಜೆಯ ಗಾಡಿಗೆ ಹಿಂದಿರುಗಿದೆವು. ಮಕರ ಸಂಕ್ರಾಂತಿಯ ದಿನ ಅಕ್ಕ ಫೋನು ಮಾಡಿ, ಎಳ್ಳುಬೆಲ್ಲದ ಮಾತಿನ ನಡುವೆ ವರ್ತಮಾನವನ್ನೂ ತಿಳಿಸಿದಳು. ಸಂಬಳವು ಪಟ್ಟಿಯ ಮಟ್ಟಕ್ಕೆ ಪೂರ್ತಿಯಾಗಿ ಬಂದಿಲ್ಲ. ಅರ್ಧದಾರಿಗೆ ಬಂದಿದೆ, ಉಳಿದದ್ದು ಏಪ್ರಿಲಿನಿಂದ ಎಂದು ಯಜಮಾನರು ಒಪ್ಪಿದ್ದಾರೆ. ಸಂಬಳದ ಚೀಟಿ ಬಂದಿದೆ. ಫೋನಿನಲ್ಲಿ ಬಿಲ್ಲಿಗಿಂತ ಹೆಚ್ಚಾಗಿ ಬಂದದ್ದನ್ನು ರಾತ್ರಿ ಲೆಕ್ಕಮಾಡಿ ಮಾಣಿಗಳ ಕೈಗೆ ಕೊಡುತ್ತಾರೆ. ಕಾಫಿಗೆ ಎರಡು ರೂಪಾಯಿ ಏರಿದೆ. “ಬೆಳಗಿನ ಗುಂಪು?” ಎಂದು ಕೇಳಿದೆವು. “ಎರಡು ದಿನ ಗೊಣಗಿದರು; ಈಗ ಅಲ್ಲಿಯೇ ಕೂತಿದ್ದಾರೆ,” ಎಂದಳು. ಮಗಳ ಶುಲ್ಕಕ್ಕೆ ಯಜಮಾನರೇ ಮುಂಗಡ ಕೊಟ್ಟರಂತೆ, ಚೀಟಿಯಲ್ಲಿ ಬರೆದು.

ಒಂದು ಊರಿನ ಒಂದು ಬೀದಿಯ ಒಬ್ಬ ಮಾಣಿಯ ಕಥೆ ಇದು. ಇದರಿಂದ ಲೋಕವೇನೂ ತಿರುಗಲಿಲ್ಲ. ಆದರೆ ನಮ್ಮ ವಾಚಕರಲ್ಲಿ ಅನೇಕರು ದಿನವೂ ಇಂಥ ಮೇಜುಗಳ ಮುಂದೆ ಕೂರುವವರು. ಇನಾಮು ಕೊಡಬೇಡಿರೆಂದು ನಾವು ಹೇಳುವುದಿಲ್ಲ. ಕೊಡುವುದಾದರೆ ಕೈಯಲ್ಲಿಯೇ ಕೊಡಿರಿ. ಆದರೆ ಅದು ಸೀರೆಯೆಂಬುದನ್ನೂ, ಸಂಬಳ ಬೇರೆಯೇ ಇದೆಯೆಂಬುದನ್ನೂ ಮರೆಯದಿರಿ. ಕಾಫಿಯ ಬೆಲೆ ಎರಡು ರೂಪಾಯಿ ಏರಿದ ದಿನ, ಗೊಣಗುವ ಮುನ್ನ, ಅದು ಎಲ್ಲಿಗೆ ಹೋಗುತ್ತಿದೆಯೆಂದು ಒಮ್ಮೆ ಗಲ್ಲಾದ ಬಳಿ ವಿಚಾರಿಸಿರಿ.